ಸಂಪತ್ತಿಗೆ ಸಲಾಮು, ಮೂಲಕ್ಕೆ ಮೌನ

ಸತ್ತ ಸರ್ವಾಧಿಕಾರಿಯ ವಿಧವೆಯ ಹೆಸರಿನಲ್ಲಿ ಒಂದು ಇ-ಮೇಲ್ ಬರುತ್ತದೆ. ಬ್ಯಾಂಕಿನಲ್ಲಿ ಸಿಲುಕಿರುವ ಕೋಟ್ಯಂತರ ಡಾಲರನ್ನು ಹೊರತರಲು ನೆರವಾದರೆ ನಿಮಗೂ ಪಾಲು ಸಿಗುತ್ತದೆ ಎಂಬ ಆಮಿಷ ಅದರಲ್ಲಿರುತ್ತದೆ. ಒಪ್ಪಿದವನು ಮೊದಲು ವಕೀಲರ ಶುಲ್ಕ ಕಟ್ಟಬೇಕು, ಬಳಿಕ ತೆರಿಗೆ, ಆಮೇಲೆ ಮತ್ತೊಂದು ಶುಲ್ಕ. ಕೊನೆಗೂ ಡಾಲರ್ ಬರುವುದಿಲ್ಲ. ನೈಜೀರಿಯಾದ ಕ್ರಿಮಿನಲ್ ಕೋಡ್‌ನ 419ನೇ ಸೆಕ್ಷನ್ ಈ ವಂಚನೆಗೆ ತನ್ನ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟಿದೆ.

ಹಾಗೆಂದು ಇದನ್ನು ಒಂದು ಜನಾಂಗದ ಸ್ವಭಾವವೆಂದು ಷರಾ ಬರೆಯುವುದು ಅನ್ಯಾಯ. ಸ್ಪೇನಿನ ಸೆರೆಮನೆಯಲ್ಲಿರುವ ಶ್ರೀಮಂತನನ್ನು ಬಿಡಿಸಲು ಹಣ ಕಳುಹಿಸಿ ಎಂಬ ಇಂಥದೇ ಪತ್ರಗಳು 19ನೇ ಶತಮಾನದಲ್ಲೇ ಯುರೋಪ್, ಅಮೆರಿಕಗಳಲ್ಲಿ ಹರಿದಾಡಿದ್ದವು. ಹಾಗಾದರೆ ನೈಜೀರಿಯಾದಲ್ಲಿ ಇದು ಬೇರೂರಿದ್ದೇಕೆ? 1980ರ ದಶಕದಲ್ಲಿ ತೈಲದ ಬೆಲೆ ಕುಸಿಯಿತು, ನೈರಾ ಮೌಲ್ಯ ಕಳಕೊಂಡಿತು, ಪದವೀಧರರು ನಿರುದ್ಯೋಗಿಗಳಾದರು. ಇದು ನಿಜ. ಆದರೆ ಬಡತನವೊಂದೇ ಉತ್ತರವಲ್ಲ. 1995ರಿಂದ 1998ರ ನಡುವೆ, ಇಲ್ಲದ ವಿಮಾನ ನಿಲ್ದಾಣವೊಂದರ ಹೆಸರಿನಲ್ಲಿ ಬ್ರೆಜಿಲ್‌ನ ಬ್ಯಾಂಕೊಂದರಿಂದ 24 ಕೋಟಿ ಡಾಲರ್ ದೋಚಿ, 2005ರಲ್ಲಿ ಶಿಕ್ಷೆಗೊಳಗಾದ ಇಮ್ಯಾನುಯೆಲ್ ನ್ವುಡೆ ಬಡವನಾಗಿರಲಿಲ್ಲ. ಆತ ಬ್ಯಾಂಕೊಂದರ ನಿರ್ದೇಶಕನಾಗಿದ್ದವನು.

ನಿಜವಾಗಿ, ಕಿರಿಯರು ಹಿರಿಯರಿಂದ ಕಲಿತರು. ಸೇನಾಡಳಿತಗಾರ ಸಾನಿ ಅಬಾಚ 1998ರಲ್ಲಿ ತೀರಿಕೊಂಡಾಗ, ಆತ ಕೊಳ್ಳೆ ಹೊಡೆದ ಬೊಕ್ಕಸದ ಹಣ ವಿದೇಶಿ ಬ್ಯಾಂಕುಗಳಲ್ಲಿತ್ತು. 2017ರ ಒಂದೇ ಒಪ್ಪಂದದಂತೆ ಸ್ವಿಟ್ಜರ್‌ಲ್ಯಾಂಡ್‌ನಿಂದ ಮರಳಿದ್ದು ಸುಮಾರು 32 ಕೋಟಿ ಡಾಲರ್. ಸುಳ್ಳು ಪತ್ರವನ್ನು ನಂಬುವಂತೆ ಮಾಡಿದ್ದು ಈ ನಿಜವಾದ ಕಳ್ಳತನ. ಆಳುವವರು ದೋಚಿಯೂ ಗೌರವಾನ್ವಿತರಾಗಿ ಬಾಳುವುದನ್ನು ಕಂಡ ಯುವಕನಿಗೆ, ದುಡಿಮೆ ದಡ್ಡರ ದಾರಿಯೆಂದು ಅನಿಸಿದರೆ ಅಚ್ಚರಿಯೇನು?

ಅದಕ್ಕೆ ಸಮರ್ಥನೆಯ ಬಣ್ಣವೂ ಬಂತು. ಬಿಳಿಯರು ಗುಲಾಮಗಿರಿ ಮತ್ತು ವಸಾಹತುಶಾಹಿಯ ಮೂಲಕ ದೋಚಿದ್ದನ್ನು ಮರಳಿ ಪಡೆಯುತ್ತಿದ್ದೇವೆ ಎಂಬುದು ಒಂದು ವಾದ. ಮೋಸ ಹೋದವನೂ ದುರಾಸೆಯವನೇ ಎಂಬುದು ಇನ್ನೊಂದು. 2005ರಲ್ಲಿ 'ಐ ಗೋ ಚಾಪ್ ಯುವರ್ ಡಾಲರ್' ಎಂಬ ಹಾಡು ವಂಚಕನನ್ನು ನಾಯಕನನ್ನಾಗಿಸಿ ಮನೆಮಾತಾಯಿತು. ಆದರೆ ಬಲೆಗೆ ಬೀಳುವವರಲ್ಲಿ ನಿವೃತ್ತರಿದ್ದಾರೆ, ಒಂಟಿ ವೃದ್ಧರಿದ್ದಾರೆ. ಇವರು ಯಾರನ್ನು ಗುಲಾಮರನ್ನಾಗಿಸಿದ್ದರು? ಇತಿಹಾಸದ ಅನ್ಯಾಯವನ್ನು ಅಮಾಯಕನ ಉಳಿತಾಯದಿಂದ ವಸೂಲು ಮಾಡುವುದು ನ್ಯಾಯವಲ್ಲ, ಇನ್ನೊಂದು ಅನ್ಯಾಯ.

ಇನ್ನು, ಆ ಪತ್ರವನ್ನು ಓದಿ ಪಾಲಿಗೆ ಕೈಚಾಚುವವನೂ ಆತ್ಮವಿಮರ್ಶೆ ಮಾಡಿಕೊಳ್ಳಬೇಕು. ಅದು ಒಂದು ದೇಶದ ಬಡವರಿಂದ ಕದ್ದ ಹಣವೆಂದು ಪತ್ರವೇ ಸೂಚಿಸುತ್ತಿರುವಾಗ ಅವನಿಗೆ ಹೇಸಿಗೆಯಾಗಲಿಲ್ಲವೇಕೆ?

ನೈಜೀರಿಯಾ 2003ರಲ್ಲಿ ಆರ್ಥಿಕ ಅಪರಾಧಗಳ ಆಯೋಗ ಸ್ಥಾಪಿಸಿತು, 2006ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದಿತು. ಆದರೂ ವಂಚನೆಯ ಹಣದಿಂದ ಮೆರೆದ 'ಹಶ್‌ಪಪ್ಪಿ'ಗೆ, 2020ರಲ್ಲಿ ದುಬೈಯಲ್ಲಿ ಬಂಧಿತನಾಗುವಾಗ, ಇನ್‌ಸ್ಟಾಗ್ರಾಂನಲ್ಲಿ 20 ಲಕ್ಷಕ್ಕೂ ಹೆಚ್ಚು ಅನುಯಾಯಿಗಳಿದ್ದರು. ಕಾನೂನು ಕೈಗೆ ಕೋಳ ತೊಡಿಸಬಹುದು; ಮೆಚ್ಚುಗೆಯ ಕಣ್ಣುಗಳನ್ನು ಮುಚ್ಚಿಸಲಾರದು. ಹಠಾತ್ತನೆ ಶ್ರೀಮಂತನಾದವನನ್ನು ಸಭೆಯ ಮುಂದಿನ ಸಾಲಿಗೆ ಕರೆಯುವ ಮೊದಲು, ಅವನ ದೇಣಿಗೆಗೆ ಕೈಯೊಡ್ಡುವ ಮೊದಲು, 'ಈ ದುಡ್ಡು ಎಲ್ಲಿಂದ ಬಂತು?' ಎಂದು ಕೇಳುವ ಧೈರ್ಯ ಸಮಾಜಕ್ಕೆ ಬರಬೇಕು. ಆ ಧೈರ್ಯ ಲಾಗೋಸ್‌ಗೆ ಮಾತ್ರ ಬೇಕಾದುದಲ್ಲ.