ವಜ್ರದ ದೋಷವೇ ಅದರ ಸಾಕ್ಷಿ

ಪ್ರತಿವರ್ಷವೂ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಗಳಾಗಿ ದಯಮಾಡಿಸುವ ಮಹನೀಯರು ಒಂದು ಮಾತನ್ನು ತಪ್ಪದೆ ಹೇಳಿ ಹೋಗುವರು: "ವಿದ್ಯಾರ್ಥಿಗಳೇ, ಒತ್ತಡಕ್ಕೆ ಸಿಕ್ಕಿ ಸಹಿಸಿಕೊಂಡ ಕಲ್ಲಿದ್ದಲೇ ವಜ್ರವಾಗುವುದು, ನೀವೂ ಹಾಗಾಗಿರಿ." ಕೂಡಲೇ ಕರತಾಡನ. ನಾನೂ ಎರಡು ವರ್ಷ ಚಪ್ಪಾಳೆ ತಟ್ಟಿದವನೇ. ಈ ವರ್ಷ ಮಾತ್ರ ಕೈ ಏಳಲಿಲ್ಲ. ಉಪದೇಶದ ಮೇಲೆ ನನಗೆ ತಕರಾರಿಲ್ಲ. ದೃಷ್ಟಾಂತ ಸುಳ್ಳೆಂಬುದೇ ನನ್ನ ತಕರಾರು.

ಕಲ್ಲಿದ್ದಲೆಂದರೆ ಹೂತುಹೋದ ಗಿಡಮರಗಳು. ನೆಲದ ಮೇಲೆ ಗಿಡಗಳು ತಲೆಯೆತ್ತಿ ಇನ್ನೂ 50 ಕೋಟಿ ವರ್ಷಗಳು ತುಂಬಿಲ್ಲ. ವಜ್ರಗಳಲ್ಲಿಯಾದರೋ 300 ಕೋಟಿ ವರ್ಷಗಳನ್ನು ಮೀರಿದವು ಉಂಟು. ಮೊಮ್ಮಗನಿಂದ ಅಜ್ಜ ಹುಟ್ಟುವ ಬಗೆ ಹೇಗೆ? ಸಾಲದ್ದಕ್ಕೆ ಕಲ್ಲಿದ್ದಲು ಇರುವುದು ಭೂಕವಚದ ಮೇಲ್ಪದರದಲ್ಲಿ. ವಜ್ರಗಳಲ್ಲಿ ಹೆಚ್ಚಿನವು ಹುಟ್ಟುವುದು ಅದರ ಕೆಳಗಿನ ಮ್ಯಾಂಟಲಿನಲ್ಲಿ, ಸುಮಾರು 150ರಿಂದ 200 ಕಿಲೋಮೀಟರ್ ಆಳದಲ್ಲಿ.

ಅಷ್ಟು ಆಳಕ್ಕೆ ಇಳಿದು ನೋಡಿಬಂದವರಿಲ್ಲ. ರಷ್ಯದ ಕೋಲಾ ಪ್ರದೇಶದಲ್ಲಿ 1989ರ ಹೊತ್ತಿಗೆ ಕೊರೆದ ಬಾವಿಯೂ 12 ಕಿಲೋಮೀಟರನ್ನು ತುಸು ದಾಟಿ ನಿಂತುಹೋಯಿತು. ಹೀಗಿರಲು ವಜ್ರದ ಜನ್ಮವೃತ್ತಾಂತವನ್ನು ಹೇಳುವವರಾರು? ವಜ್ರವೇ ಹೇಳಬೇಕು. ಸೋಜಿಗದ ಸಂಗತಿಯೆಂದರೆ, ಬೆಲೆಬಾಳುವ ನಿರ್ಮಲ ವಜ್ರ ಈ ವಿಷಯದಲ್ಲಿ ಬಹುಮಟ್ಟಿಗೆ ಮೌನಿ; ವ್ಯಾಪಾರಿ ಮೂಗು ಮುರಿಯುವ ಮಸುಕು ವಜ್ರವೇ ವಾಚಾಳಿ. ನಮ್ಮ ಹಿಂದಿನ ರತ್ನಶಾಸ್ತ್ರಕಾರರೂ ಬಿಂದು, ರೇಖೆ, ಕಾಕಪಾದ ಎಂದು ದೋಷಗಳನ್ನು ಎಣಿಸಿ ಅಂತಹ ಹರಳನ್ನು ದೂರವಿಟ್ಟವರೇ.

ನಾರುನಾರಾಗಿ ಬೆಳೆದ ಇಂತಹ ಮಸುಕು ವಜ್ರದೊಳಗೆ ಲೆಕ್ಕವಿಲ್ಲದಷ್ಟು ಹನಿಗಳು ಸಿಕ್ಕಿಕೊಂಡಿರುತ್ತವೆ. ಒಂದೊಂದೂ ಮಿಲಿಮೀಟರಿನ ಸಾವಿರದ ಒಂದಂಶಕ್ಕಿಂತಲೂ ಚಿಕ್ಕದು. ಹರಳು ಬೆಳೆಯುತ್ತಿದ್ದಾಗ ಸುತ್ತಲಿದ್ದ ದ್ರವವೇ ಅದು. ಹರಳಿನೊಡನೆ ಮೇಲಕ್ಕೆ ಬಂದು, ತಣಿದು, ಒಳಗೊಳಗೇ ಸಣ್ಣ ಖನಿಜಕಣಗಳಾಗಿಯೂ ಉಳಿಕೆ ದ್ರವವಾಗಿಯೂ ಬೇರ್ಪಟ್ಟಿರುತ್ತದೆ. ಪಾತ್ರೆ ಬರಿಯ ಇಂಗಾಲದ್ದಾದುದರಿಂದ ಒಳಗಿನ ವಸ್ತುವನ್ನು ಕೆಡಿಸುವುದಿಲ್ಲ. ಗಟ್ಟಿಯಾದುದರಿಂದ ಹೊರಗಿನದನ್ನು ಒಳಕ್ಕೆ ಬಿಡುವುದೂ ಇಲ್ಲ. 1988ರಲ್ಲಿ ಓಡೆಡ್ ನವೋನ್ ಮತ್ತು ಅವರ ಸಂಗಡಿಗರು ಬೋಟ್ಸ್ವಾನಾ ಮತ್ತು ಅಂದಿನ ಜೈರೆ ದೇಶಗಳ ವಜ್ರಗಳನ್ನು ಪರೀಕ್ಷಿಸಿ, ಈ ಹನಿಗಳಲ್ಲಿ ನೀರು, ಕಾರ್ಬೊನೇಟು, ಸಿಲಿಕಾ, ಯಥೇಚ್ಛವಾಗಿ ಪೊಟ್ಯಾಸಿಯಂ ಇರುವುದನ್ನು ತೋರಿಸಿದರು. 1991ರಲ್ಲಿ ನವೋನ್ ಅವರೇ ಇನ್ನೊಂದನ್ನು ಕಂಡರು: ಪ್ರಯೋಗಶಾಲೆಯ ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ವಜ್ರದ ಹನಿಯೊಳಗೆ ಇಂದಿಗೂ ವಾಯುಮಂಡಲದ 15,000 ಪಟ್ಟಿಗೂ ಮೀರಿದ ಒತ್ತಡ ಉಳಿದಿದೆ! ಹುಟ್ಟಿದ ಮನೆಯ ಬಿಗಿಯನ್ನು ಅದು ಇನ್ನೂ ಬಿಟ್ಟಿಲ್ಲ.

ಆದುದರಿಂದ ವಜ್ರವು ಹಿಸುಕಿದ ಇದ್ದಿಲಲ್ಲ. ಪಾಕದಿಂದ ಕಲ್ಲುಸಕ್ಕರೆ ಕಟ್ಟುವಂತೆ ದ್ರವದಿಂದ ಕಟ್ಟಿದ ಹರಳು. ಹೋಲಿಕೆ ಪೂರ್ತಿ ಸರಿಯಲ್ಲ, ಒಪ್ಪುತ್ತೇನೆ. ಇಲ್ಲಿ ಬರಿಯ ತಣಿಯುವಿಕೆಯಿಂದ ಕೆಲಸವಾಗದು; ಕಾರ್ಬೊನೇಟು ಹೊತ್ತ ದ್ರವ ಬೇರೊಂದು ಗುಣದ ಶಿಲೆಯೊಳಕ್ಕೆ ನುಗ್ಗಿ, ಆಮ್ಲಜನಕವನ್ನು ಕಳೆದುಕೊಂಡಾಗ ಇಂಗಾಲ ಹರಳಾಗಿ ನಿಲ್ಲುತ್ತದೆ. ಆ ದ್ರವ ಎಲ್ಲಿಯದು? ಕೆನಡಾದ ಏಕಟಿ ಗಣಿಯ ವಜ್ರಗಳಲ್ಲಿ ಉಪ್ಪುಪ್ಪಾದ ಹನಿಗಳು ದೊರೆತವು. ಹಿಂದೊಮ್ಮೆ ಖಂಡದ ಅಡಿಗೆ ಜಾರಿದ ಸಾಗರತಳವೇ ಆ ಉಪ್ಪನ್ನು ಒಯ್ದಿತೆಂದು 2015ರಲ್ಲಿ ಯಾಕೋವ್ ವೈಸ್ ಮತ್ತು ಅವರ ಸಂಗಡಿಗರು ವಾದಿಸಿದರು. ಕಡಲಿನ ನೀರಿಗೂ ಅರಸಿಯ ಕಿವಿಯೋಲೆಗೂ ನಂಟಿದೆಯೆಂದರೆ ಯಾರು ನಂಬಿಯಾರು?

ವಿಜ್ಞಾನ ಓದುವ ನನ್ನ ಗೆಳೆಯನೊಬ್ಬ ಇಲ್ಲಿ ಅಡ್ಡ ಹಾಕಿದ: "ಮಸುಕು ಕಲ್ಲು ಮಸುಕು ಕಲ್ಲಿನ ಕಥೆ ಹೇಳೀತು. ನಿರ್ಮಲ ವಜ್ರದ ಪರವಾಗಿ ಸಾಕ್ಷಿ ನುಡಿಯಲು ಅದಕ್ಕೇನು ಅಧಿಕಾರ?" ಆಕ್ಷೇಪಣೆ ನ್ಯಾಯವಾದುದೇ, ಬಹುಕಾಲ ಪಂಡಿತರನ್ನೂ ಕಾಡಿದುದು. 2016ರಲ್ಲಿ ಜ್ಯಾಬ್ಲನ್ ಮತ್ತು ನವೋನ್ ಅವರು ತಿಳಿಯಾದ ಜೋಡಿಹರಳುಗಳನ್ನು ತೆಗೆದುಕೊಂಡು, ಎರಡೂ ಕೂಡುವ ಸಮತಲದಲ್ಲಿ ಹುಡುಕಿದಾಗ ಅಲ್ಲಿಯೂ ಅದೇ ಬಗೆಯ ಹನಿಗಳು ಕಂಡವು. ಎಂದರೆ, ತಿಳಿ ವಜ್ರಗಳಲ್ಲಿಯೂ ಬಹಳಷ್ಟು ಇಂತಹ ದ್ರವದಿಂದಲೇ ಹುಟ್ಟಿರಬೇಕು. ಹೆತ್ತವಳ ಗುರುತನ್ನು ತಮ್ಮಲ್ಲಿ ಉಳಿಸಿಕೊಂಡಿಲ್ಲ, ಅಷ್ಟೆ.

ಇದು ಕಲಾ ಕಾಲೇಜಿನವರಿಗೇಕೆ ಎನ್ನುವಿರಾ? ಒಡೆದ ಶಾಸನವನ್ನು ಬಟ್ಟೆ ಒಗೆಯುವ ಕಲ್ಲಾಗಿ ಕಂಡರೆ ನಮ್ಮ ಇತಿಹಾಸದ ಅಧ್ಯಾಪಕರು ಕೆರಳುತ್ತಾರೆ. ಕಾಕಪಾದವಿರುವ ವಜ್ರಕ್ಕಾಗಿ ಕೆರಳುವವರು ನಮ್ಮಲ್ಲಿ ಯಾರೂ ಇಲ್ಲ. ಬಳ್ಳಾರಿಯ ನೆರೆಯ ಅನಂತಪುರ ಜಿಲ್ಲೆಯ ವಜ್ರಕರೂರಿನ ಸುತ್ತ, ಮೊದಲ ಮಳೆ ಬಿದ್ದಿತೆಂದರೆ ಜನ ಸಂಸಾರಸಮೇತ ಹೊಲಗಳಲ್ಲಿ ಬಗ್ಗಿ ವಜ್ರ ಹುಡುಕುತ್ತಾರೆ. ಸಿಕ್ಕ ಹರಳು ವ್ಯಾಪಾರಿಯ ಕೈ ಸೇರುತ್ತದೆ. ಎಲ್ಲಿ ಸಿಕ್ಕಿತೆಂದು ಬರೆದಿಡುವ ಗೋಜು ಯಾರಿಗೆ ಬೇಕು? ಸಾಣೆಗೆ ಹೋದ ಮೇಲೆ ಮೊದಲು ಅಳಿಯುವುದೇ ಆ ಚುಕ್ಕೆ. ಹುಡುಕಿದವನ ಅನ್ನಕ್ಕೆ ಕಲ್ಲು ಹಾಕಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಒಳ್ಳೆಯ ಹರಳು ಅಂಗಡಿಗೇ ಹೋಗಲಿ. ವ್ಯಾಪಾರಿ ಬೇಡವೆಂದ ಮಸುಕು ಚೂರುಗಳಿಗಾದರೂ ನ್ಯಾಯವಾದ ಬೆಲೆ ಕೊಟ್ಟು, ಸಿಕ್ಕ ಹೊಲದ ಹೆಸರಿನೊಡನೆ ಕೊಂಡಿಡುವ ಏರ್ಪಾಡನ್ನು ವಿಶ್ವವಿದ್ಯಾಲಯಗಳ ಭೂವಿಜ್ಞಾನ ವಿಭಾಗಗಳು ಮಾಡಬಾರದೆ?

ಬ್ರೆಜಿಲಿನ ಜುಯಿನಾದ ಕಂದು ವಜ್ರವೊಂದನ್ನು ಅಂಗಡಿಯವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. 400 ಕಿಲೋಮೀಟರಿಗೂ ಕೆಳಗಿನ ರಿಂಗ್‌ವುಡೈಟ್ ಎಂಬ ಖನಿಜ, ಅದರೊಳಗೆ ನೀರಿನಂಶ, ಎರಡೂ 2014ರಲ್ಲಿ ಸಿಕ್ಕಿದುದು ಅದರಲ್ಲೇ. ಆ ಖನಿಜದ ಗುರುತು ಹಿಡಿಯಲು ನೆರವಾದ ವಿಧಾನಗಳಲ್ಲೊಂದು ರಾಮನ್ ಪರಿಣಾಮ. ಅದನ್ನು 1928ರಲ್ಲಿ ಕಂಡುಹಿಡಿದ ಮಹನೀಯರು ಮುಂದೆ ಬೆಂಗಳೂರಿಗೆ ಬಂದು, ವರ್ಷಗಟ್ಟಲೆ ವಜ್ರಗಳನ್ನೇ ಕೂಡಿಹಾಕಿಕೊಂಡು ಪರೀಕ್ಷಿಸಿದವರು. ಮುಂದಿನ ವಾರ್ಷಿಕೋತ್ಸವದ ಅತಿಥಿಗಳಿಗೆ ಈ ಸಂಚಿಕೆಯ ಒಂದು ಪ್ರತಿಯನ್ನು ಮುಂಚಿತವಾಗಿಯೇ ಕಳುಹಿಸಬೇಕೆಂದು ಸಂಪಾದಕರಲ್ಲಿ ವಿನಂತಿ.