ಸೆನ್ಸರ್ ಬದಲಿಸುವ ಮುಂಚೆ ವೈರ್ ನೋಡಿ, ನೋಡಿದ್ದಕ್ಕೆ ಕಾಸು ಕೊಡಿ

ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಲೈಟು ಹತ್ತಿಕೊಂಡಿದೆ. ಏರು ಬಂದರೆ ಗಾಡಿ ಎಳೆಯುವುದಿಲ್ಲ, ಕಪ್ಪು ಹೊಗೆ ಬೇರೆ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ, 'ಪ್ರೆಷರ್ ಸೆನ್ಸರ್ ಹೋಗಿದೆ, ಹೊಸದು ತರಿಸಬೇಕು' ಅನ್ನುತ್ತಾರೆ. ಮಾಲೀಕರು ಸರಿ ಅನ್ನುತ್ತಾರೆ. ದುಡ್ಡು ಹೋಗುತ್ತದೆ, ಸೆನ್ಸರ್ ಬರುತ್ತದೆ. ವಾರದೊಳಗೆ ಮತ್ತೆ ಅದೇ ಲೈಟು.

ಊರೂರಲ್ಲಿ ಕೇಳಿಬರುವ ಈ ಕಥೆಯ ಬಗ್ಗೆ ನಮ್ಮ ಮಾತು ಇಷ್ಟೇ: ಸ್ಕ್ಯಾನರ್ ಕೊಡುವುದು ದೂರು, ತೀರ್ಪಲ್ಲ. ತೀರ್ಪಿಗೆ ವಿಚಾರಣೆ ಆಗಬೇಕು.

ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು ಮ್ಯಾಪ್ ಸೆನ್ಸರ್. ಟರ್ಬೊ ಡೀಸೆಲ್ ಗಾಡಿಗಳಲ್ಲಿ ಬೂಸ್ಟ್ ಸೆನ್ಸರ್ ಅಂತಲೂ ಕರೆಯುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಮೂರು ವೈರ್ ಇರುತ್ತವೆ. ಒಂದರಲ್ಲಿ ಇಸಿಎಂ, ಅಂದರೆ ಗಾಡಿಯ ಕಂಪ್ಯೂಟರ್, 5 ವೋಲ್ಟ್ ಕಳಿಸುತ್ತದೆ. ಇನ್ನೊಂದು ಅರ್ತ್. ಮೂರನೆಯದು ಸಿಗ್ನಲ್. ಗಾಳಿಯ ಉಷ್ಣತೆಯನ್ನೂ ಅಳೆಯುವ ಸೆನ್ಸರ್ ಆದರೆ ನಾಲ್ಕನೆಯ ವೈರೂ ಇರುತ್ತದೆ.

ಸಿಗ್ನಲ್ ಸುಮಾರು ಅರ್ಧ ವೋಲ್ಟ್‌ನಿಂದ ನಾಲ್ಕೂವರೆ ವೋಲ್ಟ್ ನಡುವೆ ಆಡುತ್ತಿರಬೇಕು. ಕಂಪ್ಯೂಟರಿಗೆ ಕಾಣುವುದು ಆ ವೋಲ್ಟ್ ಮಾತ್ರ, ಸೆನ್ಸರ್ ಅಲ್ಲ. ವೋಲ್ಟ್ ತೀರಾ ಇಳಿದರೆ ಪಿ0107, ತೀರಾ ಏರಿದರೆ ಪಿ0108 ಅಂತ ಕೋಡ್ ಬರೆದಿಡುತ್ತದೆ.

ಆದರೆ 5 ವೋಲ್ಟಿನ ವೈರ್ ತುಂಡಾದರೂ, ಸಿಗ್ನಲ್ ವೈರ್ ಸಿಪ್ಪೆ ಸುಲಿದು ಗಾಡಿಯ ಲೋಹಕ್ಕೆ ತಗುಲಿದರೂ ಬರುವುದು ಪಿ0107 ಕೋಡೇ. ಅರ್ತ್ ವೈರ್ ಬಿಟ್ಟುಹೋದರೆ ಪಿ0108 ಬರಬಹುದು. ಅಲ್ಲೆಲ್ಲ ಸೆನ್ಸರ್ ತಪ್ಪೇನೂ ಇರುವುದಿಲ್ಲ.

ನಮ್ಮೂರುಗಳಲ್ಲಿ ವೈರಿಗೆ ಶತ್ರುಗಳು ಜಾಸ್ತಿ. ಹುಲ್ಲಿನ ಬಣವೆ ಪಕ್ಕ ಗಾಡಿ ನಿಂತರೆ ರಾತ್ರಿ ಇಲಿ ಬಾನೆಟ್ ಒಳಗೆ ಸೇರುತ್ತದೆ. ಜೋರು ನೀರಿನಲ್ಲಿ ಇಂಜಿನ್ ತೊಳೆಸಿದರೆ ಕನೆಕ್ಟರ್ ಒಳಗೆ ನೀರು ಹೋಗಿ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ. ಇಂಥದ್ದಕ್ಕೆ ಹೊಸ ಸೆನ್ಸರ್ ಹಾಕುವುದು ಲೈನ್ ಕಟ್ಟಾದಾಗ ಮೋಟರ್ ಬದಲಿಸಿದ ಹಾಗೆ.

ಪರೀಕ್ಷೆ ದೊಡ್ಡ ವಿದ್ಯೆಯೇನಲ್ಲ. ಇಂಜಿನ್ ಚಾಲೂ ಮಾಡದೆ ಕೀ ಮಾತ್ರ ಆನ್ ಮಾಡಿ, ಸ್ಕ್ಯಾನರಿನಲ್ಲಿ ಮ್ಯಾಪ್ ಒತ್ತಡ ನೋಡಿ. ಇಂಜಿನ್ ನಿಂತಿರುವಾಗ ಅದು ತೋರಿಸಬೇಕಾದ್ದು ನಿಮ್ಮೂರಿನ ಗಾಳಿಯ ಒತ್ತಡವನ್ನೇ. ಮಂಗಳೂರಿನ ಕಡಲ ದಂಡೆಯಲ್ಲಿ ಸುಮಾರು 101 ಕಿಲೋಪಾಸ್ಕಲ್, ಬೆಂಗಳೂರಿನ ಎತ್ತರದಲ್ಲಿ ಸುಮಾರು 91, ಮಡಿಕೇರಿಯಲ್ಲಿ 88ರ ಆಸುಪಾಸು. ಅನುಮಾನವಿದ್ದರೆ ಪಕ್ಕದಲ್ಲೇ ಇರುವ ಚೆನ್ನಾಗಿರುವ ಗಾಡಿಯ ಲೆಕ್ಕ ನೋಡಿ ಹೋಲಿಸಿ.

ಲೆಕ್ಕ ತಪ್ಪಿದ್ದರೆ ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರಿನಲ್ಲಿ 5 ವೋಲ್ಟ್ ಮತ್ತು ಅರ್ತ್ ಬರುತ್ತಿದೆಯೇ ಅಂತ ಅಳೆಯಬೇಕು. ಮತ್ತೆ ಜೋಡಿಸಿ, ವೈರ್ ಕಟ್ಟನ್ನು ಮೆಲ್ಲಗೆ ಅಲುಗಾಡಿಸಿದಾಗ ಲೆಕ್ಕ ಹಾರುತ್ತಿದೆಯೇ ನೋಡಬೇಕು. ಹಾರಿದರೆ ಕಳ್ಳ ಅಲ್ಲೇ ಇದ್ದಾನೆ. 5 ವೋಲ್ಟ್, ಅರ್ತ್, ವೈರ್ ಎಲ್ಲ ಸರಿಯಿದ್ದೂ ಲೆಕ್ಕ ತಪ್ಪೇ ಬಂದರೆ, ಸೆನ್ಸರಿನ ತೂತಿನಲ್ಲಿ ಮಸಿ ಕಟ್ಟಿಲ್ಲವೆಂದು ನೋಡಿಕೊಂಡು ಹೊಸದು ಹಾಕಿಸಿ.

ನಿಂತಾಗ ಲೆಕ್ಕ ಸರಿಯಿದ್ದು ಓಡುವಾಗ ಮಾತ್ರ ಕಡಿಮೆ ಬಂದರೆ? ಆಗ ಸೆನ್ಸರ್ ನಿಜವನ್ನೇ ಹೇಳುತ್ತಿರಬಹುದು. ಟರ್ಬೊ ಹೋಸ್ ಸೀಳಿ ಗಾಳಿ ಸೋರುತ್ತಿದ್ದರೆ ಒತ್ತಡ ಎಲ್ಲಿಂದ ಬರಬೇಕು? ನಿಜ ಹೇಳಿದವನನ್ನು ಕಿತ್ತು ಹಾಕಿದರೆ ಸೋರಿಕೆ ನಿಲ್ಲುವುದಿಲ್ಲ.

ಒಂದು ಎಚ್ಚರಿಕೆ. ಡೀಸೆಲ್ ರೈಲ್ ಪ್ರೆಷರ್ ಸೆನ್ಸರಿಗೂ ಹೀಗೇ ಮೂರು ವೈರ್ ಇರುತ್ತವೆ. ಆದರೆ ಅಲ್ಲಿಯ ಪೈಪನ್ನಾಗಲಿ ಸೆನ್ಸರನ್ನಾಗಲಿ ನೀವೇ ಸಡಿಲಿಸಬೇಡಿ. ಓಡುವ ಇಂಜಿನ್ನಿನಲ್ಲಿ ಡೀಸೆಲ್ 1,000 ಬಾರ್‌ಗಿಂತ ಹೆಚ್ಚಿನ ಒತ್ತಡಕ್ಕೆ ಏರುತ್ತದೆ, ಚರ್ಮ ತೂರಿ ಒಳಗೆ ಹೋಗುತ್ತದೆ.

ಇಷ್ಟು ಸುಲಭದ ಪರೀಕ್ಷೆ ಯಾಕೆ ನಡೆಯುವುದಿಲ್ಲ? ಎಲ್ಲ ಮೆಕ್ಯಾನಿಕ್‌ಗಳೂ ಮೋಸಗಾರರು ಅಂತ ನಾವು ಹೇಳುವುದಿಲ್ಲ. ಒಂದು ಗಂಟೆ ಬಗ್ಗಿ ವೈರ್ ಹುಡುಕಿ, ಬೆಸುಗೆ ಹಾಕಿ ಕೊಟ್ಟವರಿಗೆ 'ಏನಪ್ಪಾ, ಬರೀ ನೋಡಿದ್ದಕ್ಕೆ ದುಡ್ಡಾ?' ಅನ್ನುವವರು ಊರ ತುಂಬ ಇದ್ದಾರೆ. ಅವರೇ ಡಬ್ಬಿಯಲ್ಲಿ ಹೊಸ ಸಾಮಾನು ಕಂಡರೆ ತಕರಾರಿಲ್ಲದೆ ಸಾವಿರಗಟ್ಟಲೆ ಎಣಿಸುತ್ತಾರೆ. ಹುಡುಕುವ ಬುದ್ಧಿಗೆ ಬೆಲೆಯಿಲ್ಲ, ಸಾಮಾನಿಗೆ ಮಾತ್ರ ಬೆಲೆ ಅಂದರೆ ಗ್ಯಾರೇಜಿನವರು ಸಾಮಾನನ್ನೇ ಮಾರುತ್ತಾರೆ.

2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಲ್ಲಿ ಸೆನ್ಸರ್‌ಗಳು ಇನ್ನೂ ಹೆಚ್ಚಿವೆ. ತರಕಾರಿ ಹೇರಿದ ಪಿಕಪ್ ಒಂದು ದಿನ ನಿಂತರೆ ಆ ದಿನದ ಬಾಡಿಗೆಯೂ ಇಲ್ಲ, ಸಂತೆಯೂ ಇಲ್ಲ. ಮೇಲೆ ಬೇಡದ ಸೆನ್ಸರಿನ ಖರ್ಚು. ಎಲೆಕ್ಟ್ರಿಕ್ ಸಾಮಾನನ್ನು ಎಷ್ಟೋ ಅಂಗಡಿಗಳು ವಾಪಸ್ ತೆಗೆದುಕೊಳ್ಳುವುದೂ ಇಲ್ಲ.

ಹಾಗಾಗಿ ಸಾಮಾನು ತರಿಸುವ ಮುಂಚೆ ಮೂರು ಮಾತು ಕೇಳಿ. ಕೋಡ್ ನಂಬರ್ ಏನು? ಕನೆಕ್ಟರಿನಲ್ಲಿ 5 ವೋಲ್ಟ್, ಅರ್ತ್ ಇದೆಯಾ? ಕೀ ಆನ್ ಮಾಡಿದಾಗ ಒತ್ತಡ ಎಷ್ಟು ತೋರಿಸಿತು? ಉತ್ತರ ಕೊಟ್ಟು ಮೀಟರ್ ತೋರಿಸುವ ಮೆಕ್ಯಾನಿಕ್ ಸಿಕ್ಕರೆ, ಪರೀಕ್ಷೆಯ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.