ಪಾಲಿಕೆಯ ಲೆಕ್ಕದಲ್ಲಿ ಹೊಗೆ ಮತ್ತು ನೀರು



ಮುಂಬಯಿಯಲ್ಲಿ ನೆಲೆಸಿರುವ ನಮ್ಮ ವಾಚಕರೊಬ್ಬರು ಕಳೆದ ತಿಂಗಳು ಬರೆದ ಕಾಗದದಲ್ಲಿ ಒಂದು ಪ್ರಶ್ನೆಯನ್ನು ಎತ್ತಿದ್ದಾರೆ. ಅಲ್ಲಿಯ ಮಹಾನಗರ ಪಾಲಿಕೆಯು ಹಣದ ಆಯವ್ಯಯ ಪತ್ರವಲ್ಲದೆ ಹವಾಮಾನದ ಆಯವ್ಯಯ ಪತ್ರವೆಂಬ ಇನ್ನೊಂದನ್ನು ಹೊರಡಿಸಿತಂತೆ. ಹವೆಗೂ ಜಮಾಖರ್ಚು ಉಂಟೆ ಎಂಬುದು ಅವರ ಕೌತುಕ. ವ್ಯಾಕರಣ, ಅಲಂಕಾರಗಳಲ್ಲಿ ತಲೆ ನರೆತ ನನಗೂ ಈ ಹೆಸರು ಮೊದಲು ವಿಚಿತ್ರವಾಗಿಯೇ ಕೇಳಿಸಿತು. ಆದರೆ ನಾವು ತೆತ್ತ ಕರದ ಹಣದ ಸಂಗತಿಯಾದ್ದರಿಂದ ತುಸು ವಿವರವಾಗಿ ನೋಡುವುದು ಉಚಿತ.

ಈ ಪದ್ಧತಿಯನ್ನು ಮೊದಲಿಗೆ ಕ್ರಮಬದ್ಧವಾಗಿ ಆಚರಣೆಗೆ ತಂದದ್ದು ನಾರ್ವೆ ದೇಶದ ರಾಜಧಾನಿ ಓಸ್ಲೋ. 2017ನೆಯ ವರ್ಷಕ್ಕಾಗಿ 2016ರಲ್ಲಿ ಆ ನಗರವು ತನ್ನ ಮೊದಲ ಹವಾಮಾನ ಆಯವ್ಯಯವನ್ನು ಮಂಡಿಸಿತು. ಕಲ್ಲಿದ್ದಲು, ಪೆಟ್ರೋಲು, ಡೀಸೆಲುಗಳ ದಹನದಿಂದ ಹೊರಬೀಳುವ ಇಂಗಾಲದ ಅನಿಲವೇ ಭೂಮಿಯ ತಾಪವನ್ನು ಏರಿಸುತ್ತಿದೆಯಷ್ಟೆ. 2009ರಲ್ಲಿ ತಾನು ಹೊರಬಿಟ್ಟ ಇಂತಹ ಅನಿಲದಲ್ಲಿ ನೂರಕ್ಕೆ 95 ಭಾಗವನ್ನು 2030ರ ಹೊತ್ತಿಗೆ ಇಳಿಸಬೇಕೆಂಬುದು ಓಸ್ಲೋದ ಗುರಿ. ಇಂತಹ ಗುರಿಗಳನ್ನು ಘೋಷಿಸಿದ ನಗರಗಳು ಜಗತ್ತಿನಲ್ಲಿ ಎಷ್ಟೋ ಇವೆ. ಓಸ್ಲೋದ ವಿಶೇಷವೆಂದರೆ, ಅದು ಈ ಗುರಿಯನ್ನು ಪರಿಸರ ಇಲಾಖೆಯ ಕಪಾಟಿನಲ್ಲಿ ಇರಿಸದೆ ಹಣಕಾಸಿನವರ ಕೈಗೆ ಒಪ್ಪಿಸಿತು. ಕೈಗೊಳ್ಳುವ ಒಂದೊಂದು ಕ್ರಮದ ಎದುರಿಗೂ ಅದನ್ನು ನಡೆಸಬೇಕಾದ ಇಲಾಖೆ ಯಾವುದು, ತಗಲುವ ಹಣವೆಷ್ಟು, ಅದರಿಂದ ಇಳಿಯುವ ಹೊಗೆ ಎಷ್ಟು ಟನ್ನು ಎಂಬುದನ್ನು ಬರೆಯಬೇಕು. ಹಣದ ಲೆಕ್ಕವನ್ನು ಒಪ್ಪಿಸುವ ಸಭೆಗೇ ಹೊಗೆಯ ಲೆಕ್ಕವನ್ನೂ ಒಪ್ಪಿಸಬೇಕು. ಎಲ್ಲ ಕ್ರಮಗಳನ್ನು ಕೂಡಿಸಿದರೂ ಗುರಿ ಮುಟ್ಟದಿದ್ದರೆ ಆ ಕೊರತೆ ಹಾಳೆಯ ಮೇಲೆಯೇ ಕಾಣಿಸಿಕೊಳ್ಳುತ್ತದೆ. ತಿಂಗಳ ಕೊನೆಗೆ ಮನೆಯ ಯಜಮಾನಿಯ ಚೀಟಿಯಲ್ಲಿ ಹಾಲಿನ ಬಾಕಿ ಕಂಡಂತೆ.

ಕಾಣಿಸಿಕೊಂಡ ಮಾತ್ರಕ್ಕೆ ಕೊರತೆ ನೀಗುವುದಿಲ್ಲ. ಆ ನಗರದ ಕ್ಲೆಮೆಟ್ಸ್‌ರುಡ್ ಎಂಬಲ್ಲಿ ಕಸವನ್ನು ಸುಟ್ಟು, ಅದರ ಶಾಖವನ್ನು ಮನೆಗಳಿಗೆ ಒದಗಿಸುವ ದೊಡ್ಡ ಸ್ಥಾವರವಿದೆ. ಅದರ ಚಿಮಣಿಯ ಅನಿಲವನ್ನು ಹಿಡಿದು ಸಮುದ್ರದಡಿಯ ಶಿಲಾಸ್ತರದಲ್ಲಿ ಹುಗಿಯುವ ಯೋಜನೆಯನ್ನು ನಂಬಿಯೇ ನಗರದ ಲೆಕ್ಕ ನಿಂತಿತ್ತು. ಖರ್ಚು ಅಂದಾಜನ್ನು ಮೀರಿತೆಂದು 2023ರಲ್ಲಿ ಕೆಲಸ ನಿಂತುಹೋಯಿತು. 2025ರಲ್ಲಿ ಮರಳಿ ಕೈಗೆತ್ತಿಕೊಂಡರು. ಶ್ರೀಮಂತ ದೇಶದ ಶ್ರೀಮಂತ ನಗರಕ್ಕೇ ಈ ಪಾಡು.

ಇನ್ನು ಮುಂಬಯಿಯ ಮಾತು. 2022ರ ಮಾರ್ಚಿಯಲ್ಲಿ ಆ ನಗರವು ತನ್ನ ಹವಾಮಾನ ಕ್ರಿಯಾಯೋಜನೆಯನ್ನು ಪ್ರಕಟಿಸಿ, 2050ರ ಗುರಿಯನ್ನು ಇಟ್ಟುಕೊಂಡಿತು. 2024ರ ಜೂನ್‌ನಲ್ಲಿ ಮೊದಲ ಹವಾಮಾನ ಆಯವ್ಯಯ ವರದಿ ಹೊರಬಂದಿತು. ಪಾಲಿಕೆಯ ಬಂಡವಾಳ ವೆಚ್ಚದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು, ಅಂದರೆ 10,000 ಕೋಟಿ ರೂಪಾಯಿಗೂ ಮಿಕ್ಕಿದ ಹಣ, ಹವಾಮಾನಕ್ಕೆ ಸಂಬಂಧಿಸಿದ್ದೆಂದು ಅದು ತಿಳಿಸಿತು. ಅಂಕಿಯನ್ನು ಕಂಡು ಹಿಗ್ಗುವ ಮುನ್ನ ಒಂದು ಎಚ್ಚರ ಬೇಕು. ಈ ಹಣ ಹೊಸದಾಗಿ ಹುಟ್ಟಿದ್ದಲ್ಲ. ಚರಂಡಿ, ಮಲಿನ ಜಲದ ಶುದ್ಧೀಕರಣ ಮುಂತಾಗಿ ಮೊದಲೇ ಗೊತ್ತುಮಾಡಿದ್ದ ಕಾಮಗಾರಿಗಳನ್ನು ಹೊಸ ದೃಷ್ಟಿಯಿಂದ ವಿಂಗಡಿಸಿ, ಹವಾಮಾನದ ಗುರುತು ಹಾಕಿದ್ದೇ ಬಹುಪಾಲು. ಹಳೆಯ ಪಾತ್ರೆಗೆ ಕಲಾಯಿ ಹಾಕಿಸಿ ಹೊಸದೆಂದು ತೋರಿಸುವ ಚಪಲ ಯಾವ ಆಡಳಿತಕ್ಕೂ ತಪ್ಪಿದ್ದಲ್ಲ. ಹಾಗೆಂದು ವಿಂಗಡಣೆ ನಿಷ್ಪ್ರಯೋಜಕವೆಂದು ನಾನು ಹೇಳಲಾರೆ. ಗುರುತು ಬಿದ್ದ ಕಾಮಗಾರಿಯನ್ನು ಮುಂದಿನ ವರ್ಷ ಹೆಸರು ಹಿಡಿದು ಕೇಳಬಹುದು. ಆದರೆ ಕೇಳುವವರು ಯಾರು? 2022ರಿಂದ ಆ ಪಾಲಿಕೆಗೆ ಚುನಾಯಿತ ಸದಸ್ಯರೇ ಇರಲಿಲ್ಲ. ಮೊದಲ ವರದಿ ಹೊರಬಂದಾಗ ಆಡಳಿತಾಧಿಕಾರಿಯ ಕಾಲ ನಡೆದಿತ್ತು. ನನಗೆ ಹಣದ ಮೊತ್ತಕ್ಕಿಂತ ಈ ಸಂಗತಿಯೇ ಹೆಚ್ಚು ಚಿಂತೆಗೆ ಕಾರಣವಾಗಿದೆ.

ಓಸ್ಲೋಗೂ ಮುಂಬಯಿಗೂ ಇನ್ನೊಂದು ಅಂತರವಿದೆ. ಅಲ್ಲಿಯ ಲೆಕ್ಕ ಮುಖ್ಯವಾಗಿ ಹೊಗೆಯದು. ಇಲ್ಲಿಯದು ಹೊಗೆಗಿಂತ ನೀರಿನದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನು ಅಲ್ಲಿಯ ನಮ್ಮವರು ಇಂದಿಗೂ ಮರೆತಿಲ್ಲ. ಮೀಠಿ ನದಿ ಉಕ್ಕಿ ಕುರ್ಲಾದ ಮನೆಗಳನ್ನು ಹೊಕ್ಕಿತು. ತಗ್ಗುಪ್ರದೇಶವಾದ ಹಿಂದ್‌ಮಾತಾದಲ್ಲಿ ಮಳೆನೀರನ್ನು ತಾತ್ಕಾಲಿಕವಾಗಿ ಹಿಡಿದಿಡಲು ಪಾಲಿಕೆಯು ಈಚೆಗೆ ನೆಲದಡಿಯ ತೊಟ್ಟಿಗಳನ್ನು ಕಟ್ಟಿಸಿದೆ. ಇಂತಹ ತೊಟ್ಟಿಯಿಂದ ಇಳಿಯುವ ಹೊಗೆ ಎಷ್ಟು ಟನ್ನು ಎಂದು ಕೇಳಿದರೆ ಉತ್ತರ ಸೊನ್ನೆ. ಒಂದು ಮನೆಯ ಹಿಟ್ಟಿನ ಡಬ್ಬಿ, ಮಕ್ಕಳ ಪುಸ್ತಕ, ಹಾಸಿಗೆ ನೆನೆಯದೆ ಉಳಿದರೆ ಅದನ್ನು ಯಾವ ಅಂಕಣದಲ್ಲಿ ಬರೆಯಬೇಕು? ನಮ್ಮ ದೇಶದ ನಗರಗಳು ಓಸ್ಲೋದ ಪುಸ್ತಕವನ್ನು ಹಾಗೆಯೇ ನಕಲು ಮಾಡಲಾಗದಿರುವುದು ಈ ಕಾರಣದಿಂದ. ಟನ್ನಿನ ಅಂಕಣದ ಪಕ್ಕದಲ್ಲಿ, ಎಷ್ಟು ಮನೆಗಳಿಗೆ ನೀರು ನುಗ್ಗುವುದು ತಪ್ಪಿತೆಂಬ ಅಂಕಣವೂ ಬೇಕು. ಅದನ್ನು ಎಣಿಸುವುದು ಕಷ್ಟವಾದರೂ ಅಸಾಧ್ಯವಲ್ಲ.

ನಮ್ಮ ಬೆಂಗಳೂರಿಗೂ 2023ರ ನವೆಂಬರಿನಲ್ಲಿ ಹವಾಮಾನ ಕ್ರಿಯಾಯೋಜನೆ ಸಿದ್ಧವಾಯಿತು. ಅದನ್ನು ಹೊರಡಿಸಿದ ಬೃಹತ್ ಪಾಲಿಕೆ ಈಗಿಲ್ಲ. 2025ರ ಸೆಪ್ಟೆಂಬರಿನಿಂದ ಐದು ನಗರಪಾಲಿಕೆಗಳು, ಅವುಗಳ ಮೇಲೊಂದು ಪ್ರಾಧಿಕಾರ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತ ಬಡಾವಣೆಗಳಿಗೆ ನುಗ್ಗಿದ ನೀರಾಗಲಿ, 2024ರ ಬೇಸಗೆಯಲ್ಲಿ ಬತ್ತಿದ ಕೊಳವೆಬಾವಿಗಳಾಗಲಿ ಪಾಲಿಕೆಯ ಗಡಿಯನ್ನು ಕೇಳಿ ಬಂದವಲ್ಲ. ಒಂದು ಪಾಲಿಕೆಯ ರಾಜಕಾಲುವೆಯ ಹೂಳು ಇನ್ನೊಂದು ಪಾಲಿಕೆಯ ಕೆರೆಗೆ ಬಂದು ಬಿದ್ದಾಗ, ಅದನ್ನು ಎತ್ತುವ ಖರ್ಚನ್ನು ಐದು ಪುಸ್ತಕಗಳಲ್ಲಿ ಯಾವುದರಲ್ಲಿ ಬರೆಯುವರೆಂಬುದನ್ನು ಬರುವ ಆಯವ್ಯಯದ ವೇಳೆಗೆ ಬೆಂಗಳೂರಿನ ವಾಚಕರು ತಮ್ಮ ತಮ್ಮ ವಾರ್ಡಿನಲ್ಲಿ ವಿಚಾರಿಸಿ ನಮಗೆ ಬರೆದು ತಿಳಿಸಿದರೆ ಈ ಅಂಕಣದಲ್ಲಿಯೇ ಪ್ರಕಟಿಸುತ್ತೇವೆ.